ಹನ್ನೆರಡು ಬಳೆ ಏರಿಸಿದವನೇ ರಾಜ

ನಮ್ಮ ಆಟ ಒಮ್ಮೆಯಾದರೂ ಅವಾಂತರವಿಲ್ಲದೆ ಮುಗಿದದ್ದನ್ನು ನಾನು ಕಂಡಿಲ್ಲ. ಹಾಗೆ ಮುಗಿದಿದ್ದರೆ ಅವತ್ತು ನಾನು ಊರಲ್ಲಿ ಇರಲಿಲ್ಲ ಅಂತ ತಿಳಿಯಬೇಕು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವ ನಾನು. ಒಗೆದ ಅಂಗಿ ಒಣಗುವುದರೊಳಗೆ ಇನ್ನೊಂದು ಊರಿಗೆ ಹೊರಡುವ ಕಾಲು ನನ್ನದು. ಮನ್ಮಾಡದಲ್ಲಿ ಮೂಟೆ ಹೊತ್ತೆ, ಸಾತಪುರದಲ್ಲಿ ಟೆಂಪೊ ಹೊಡೆದೆ, ಎಲ್ಲಿಯೂ ಆರು ತಿಂಗಳು ನಿಲ್ಲಲಿಲ್ಲ. ಆದರೆ ನಾಸಿಕದಲ್ಲಿ ನಮ್ಮ ಕಡೆಯ ಗಾರೆ ಕೆಲಸದವರು ಕಟ್ಟಿಕೊಂಡ ಸಣ್ಣಾಟದ ಮೇಳ ನನ್ನನ್ನು ಮತ್ತೆ ಮತ್ತೆ ಎಳೆದು ತರುತ್ತದೆ. ಅಲ್ಲಿ ನಾನು ಪರದೆ ಎಳೆಯುವವ, ಬಳೆ ತರುವವ.

ಬಳೆ ಯಾಕೆಂದರೆ ನಮ್ಮ ಆಟವೇ ಬಳೆಗಾರ ರಾಜನದು. ಸಂಶಯಪಟ್ಟು ರಾಣಿಯನ್ನು ಕಾಡಿಗೆ ಅಟ್ಟಿದ ರಾಜ ಹನ್ನೆರಡು ವರ್ಷದ ಮೇಲೆ ಬಳೆಗಾರನ ವೇಷದಲ್ಲಿ ಅವಳ ಗುಡಿಸಲಿಗೆ ಬರುತ್ತಾನೆ. ಕೈ ಹಿಡಿದು, ನುಡಿಗೊಂದು ಬಳೆ ಇಡುತ್ತ ಹನ್ನೆರಡು ನುಡಿಯ ಪದ ಹಾಡುತ್ತಾನೆ. ಬಳೆ ಖರೇ ಗಾಜಿನವು. ಒಂದು ಒಡೆದರೂ ಅಪಶಕುನ ಅಂತ ಮುಂದೆ ಕೂತ ಹೆಂಗಸರು ಎದ್ದು ಹೋಗುತ್ತಾರೆ. ರಾಣಿ ಆಗುವವನೋ ಒಬ್ಬ ಗೌಂಡಿ. ಇಟ್ಟಂಗಿ ಎತ್ತಿ ಎತ್ತಿ ಅವನ ಕೈ ಸಲಿಕೆಯಾಗಿದೆ.

ಮೇಸ್ತ್ರಿ

ಈ ರಾಜನನ್ನು ನಮ್ಮ ಮೇಸ್ತ್ರಿ ಮಾಡುತ್ತಿದ್ದ ಚೆಂದ ಏನು ಹೇಳಲಿ. ಹಗಲೆಲ್ಲ ಸ್ಲ್ಯಾಬಿನ ಮೇಲೆ ನಿಂತು ಕೂಗುವ ಗಂಟಲು, ಬಣ್ಣ ಹಚ್ಚಿದರೆ ತುಪ್ಪದ ಹಾಗೆ ಕರಗುತ್ತಿತ್ತು. ಒಂದೊಂದು ಬಳೆಯನ್ನೂ ಒಂದೊಂದು ವರ್ಷದ ತಪ್ಪು ಒಪ್ಪಿಕೊಂಡ ಹಾಗೆ ಏರಿಸುತ್ತಿದ್ದ. ಪರದೆಯ ಹಗ್ಗ ಹಿಡಿದ ನನ್ನ ಮೈಮೇಲಿನ ಕೂದಲು ನಿಲ್ಲುತ್ತಿದ್ದವು.

ಸಾತಪುರದಲ್ಲಿ ಒಂದು ಸೂಟಿಯ ದಿನ ಮಂದಿ ‘ವನ್ಸ್ ಮೋರ್’ ಅಂದರು. ನಮ್ಮಲ್ಲಿ ವನ್ಸ್ ಮೋರ್ ಅಂದರೆ ಹನ್ನೆರಡೂ ಬಳೆ ತೆಗೆದು ಮೊದಲಿನಿಂದ ಇಡಬೇಕು. ಮೇಸ್ತ್ರಿ ಇಟ್ಟ. ಮತ್ತೆ ಅಂದರು, ಮತ್ತೆ ಇಟ್ಟ. ಮೂರನೆಯ ಸಲ ಕೂಗು ಎದ್ದಾಗ ರಾಣಿ ಸೆರಗು ಸರಿಸಿ, ಬದನೆಕಾಯಿಯಂತೆ ಬಾತ ಕೈ ಎತ್ತಿ ಜೋಡಿಸಿದಳು. ಗೌಂಡಿಯ ಗಡಸು ದನಿಯಲ್ಲಿ ಹೇಳಿದಳು:

“ಅಣ್ಣಾರ, ಸಾಕ್ ಮಾಡ್ರಿ. ನಾಳೆ ಇದ ಕೈಲೆ ನಾ ಎರಡು ಗ್ವಾಡಿ ಗಿಲಾವ ಮಾಡಬೇಕ್ರಿ.”

ಎಂಜಿನಿಯರ್ ಸಾಹೇಬರು

ವಯಸ್ಸಾಯಿತು, ಮೇಸ್ತ್ರಿಯ ಕೊರಳು ಮೇಲಿನ ಸ್ವರದಲ್ಲಿ ಸೀಳತೊಡಗಿತು. ರಾಜನ ರುಮಾಲು ಯಾರಿಗಾದರೂ ದಾಟಿಸಬೇಕು. ಇಲ್ಲವಾದರೆ ಆಟವೇ ನಿಲ್ಲುತ್ತದೆ. ಮೇಸ್ತ್ರಿಗೂ ಅದು ಗೊತ್ತು. ಆದರೆ ಯಾರನ್ನು ತೋರಿಸಿದರೂ ‘ಇಂವ ರಾಜ ಅಲ್ಲ’ ಅಂತ ಮುಖ ತಿರುವುತ್ತಿದ್ದ.

ಓಝರ್ ಕಡೆಯ ವಿಮಾನದ ಕಾರ್ಖಾನೆಯಲ್ಲಿ ಧಾರವಾಡದ ಕಡೆಯ ಎಂಜಿನಿಯರ್ ಒಬ್ಬರಿದ್ದರು. ಅವರು ಮಾಡಿದ ರಾಜ ಬೇರೆ ನಮೂನೆ. ಪದ ಮುಗಿಯುವ ತನಕ ರಾಣಿಯ ಮುಖವನ್ನೇ ನೋಡಲಿಲ್ಲ. ಮುಖ ನೋಡುವ ಧೈರ್ಯವಿಲ್ಲದ ರಾಜನೂ ಇರಬಹುದು ಅಂತ ನನಗೆ ಅವತ್ತೇ ಹೊಳೆದದ್ದು.

ಆದರೆ ಬಳೆ ಒಡೆದೀತು ಅನ್ನುವ ಹೆದರಿಕೆಗೆ ಸಾಹೇಬರು ಹಿಂದಿನ ದಿನವೇ ವರ್ನಿಯರ್ ತಂದು ಗೌಂಡಿಯ ಕೈ ಅಳೆದಿದ್ದರು. ಬೆರಳು ಮಡಚಿಸಿ ಒಂದು ಸಲ, ಬಿಡಿಸಿ ಒಂದು ಸಲ. ಮೇಲೆ ಇನ್ನಿಷ್ಟು ಸಡಿಲು ಸೇರಿಸಿ ಬಳೆ ತರಿಸಿದರು. ಹನ್ನೆರಡೂ ಬೆಣ್ಣೆಯಲ್ಲಿ ಕೂದಲು ಇಳಿದ ಹಾಗೆ ಏರಿದವು. ಕಡೆಯ ನುಡಿಗೆ ರಾಜನ ಗುರುತು ಸಿಕ್ಕು ರಾಣಿ ಎರಡೂ ಕೈ ಇಳಿಬಿಟ್ಟು ಅಳಬೇಕು. ಇಳಿಬಿಟ್ಟಳು. ಹನ್ನೆರಡೂ ಬಳೆ ಜಮಖಾನದ ಮೇಲೆ ಬಿದ್ದು, ಒಂದೂ ಒಡೆಯದೆ, ಉರುಳುತ್ತ ಉರುಳುತ್ತ ಮುಂದಿನ ಸಾಲಿನ ಹೆಂಗಸರ ಮಡಿಲಿಗೆ ಹೋದವು. ಅವರು ಅಲ್ಲೇ ಏರಿಸಿಕೊಂಡರು.

ಒಬ್ಬ ಅಜ್ಜಿ ಕೈ ತಿರುಗಿಸಿ ನೋಡಿಕೊಳ್ಳುತ್ತ ಅಂದಳು: “ಮೇಸ್ತ್ರಿ ಒಬ್ಬಾಕಿಗೇ ಇಡ್ತಿದ್ದ. ಈ ರಾಜ ಛಲೋ, ಯಾರಿಗೂ ಭೇದ ಮಾಡಾಂಗಿಲ್ಲ.”

ರಿಕ್ಷಾದವ

ಮೂರನೆಯ ರಾಜ ನಾಸಿಕದಲ್ಲೇ ಹುಟ್ಟಿ ಬೆಳೆದ ರಿಕ್ಷಾ ಡ್ರೈವರ್. ಕನ್ನಡ ತಿಳಿಯುತ್ತದೆ, ಬಾಯಿ ಮಾತ್ರ ಮರಾಠಿಗೆ ಜಾರುತ್ತದೆ. ಮೇಸ್ತ್ರಿ ಮನೆಯಲ್ಲಿ ಕೂತು ಹಾಡಿದ್ದನ್ನು ಮೊಬೈಲಿನಲ್ಲಿ ತುಂಬಿಕೊಂಡು, ಸವಾರಿ ಇಲ್ಲದಾಗೆಲ್ಲ ಕೇಳಿ ಕೇಳಿ ಕಲಿತ. ಗುರುವಿನ ಪದದ ಒಂದಕ್ಷರವೂ ಬಿಡಬಾರದು ಅನ್ನುವ ಭಕ್ತಿ ಅವನದು.

ರಂಗಕ್ಕೆ ಬಂದು ಬಾಯಿ ತೆರೆದ ನೋಡ್ರಿ, ಮೇಸ್ತ್ರಿಯೇ ಮತ್ತೆ ಹರೆಯಕ್ಕೆ ಬಂದು ನಿಂತ ಹಾಗಾಯಿತು. ಅದೇ ಎಳೆತ, ಅದೇ ನಡುಕ. ಹಳಬರು ಕಣ್ಣು ಒರೆಸಿಕೊಂಡರು. ಏಳನೆಯ ಬಳೆಗೆ ಅವನು ಕೆಮ್ಮಿದ, ಥೇಟ್ ಮೇಸ್ತ್ರಿಯ ಕೆಮ್ಮು. ಎಂಟನೆಯ ಬಳೆ ಕೈಯಲ್ಲಿ ಹಿಡಿದು, ರಾಣಿಯ ಕಣ್ಣಲ್ಲಿ ಕಣ್ಣಿಟ್ಟು, ಅದೇ ರಾಗದಲ್ಲಿ ಹಾಡಿದ: “ಚಹಾ ಅಲ್ಲೇ ಇಡss...”

ಮಂದಿಗೆ ಏನಾಯಿತು ಅಂತ ತಿಳಿಯುವುದರೊಳಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಮೇಸ್ತ್ರಿಯ ಹೆಂಡತಿ, ನಲವತ್ತು ವರ್ಷದ ರೂಢಿ, ಉತ್ತರ ಕೊಟ್ಟೇಬಿಟ್ಟಳು:

“ಆಗಳೇ ಇಟ್ಟೀನಿ, ಆರೇ ಹೋತು.”

ವೇರೂಳದಾಕಿ

ಕಡೆಯದು ಸಂಭಾಜಿನಗರದ ಆಟ. ಅಲ್ಲಿ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಮಂದಿ ಕರೆಸಿದ್ದರು. ಮೇಸ್ತ್ರಿಯೇ ರಾಜ ಅಂತ ಹೊರಟೆವು. ಮೇಳ ಮುಂದೆ ಹೋಯಿತು, ಸಾಮಾನಿನ ಟೆಂಪೊ ಹೊಡೆಯುತ್ತ ನಾನು ಹಿಂದೆ. ಹಾದಿಯ ಗುಂಡಿಗಳಲ್ಲಿ ನನ್ನ ಬಳೆಯ ಪೆಟ್ಟಿಗೆ ಪುಡಿಯಾಯಿತು. ಹೊಸವನ್ನು ಕೊಳ್ಳಲು ವೇರೂಳದಲ್ಲಿ ಟೆಂಪೊ ನಿಲ್ಲಿಸಿದೆ.

ಗುಡಿಯ ಹಾದಿಯಲ್ಲಿ ಬಳೆಯ ಅಂಗಡಿ ಇಟ್ಟಾಕೆ ಗಿರಾಕಿಯ ಕೈ ಒತ್ತುತ್ತ ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದಳು. ಕಿವಿಗೊಟ್ಟರೆ ನಮ್ಮದೇ ಪದ! ವಿಜಾಪುರದ ಕಡೆಯಾಕೆ. ಸಣ್ಣಾಕಿ ಇದ್ದಾಗ ಅಪ್ಪನ ಹೆಗಲ ಮೇಲೆ ಕೂತು ನಮ್ಮ ಮೇಸ್ತ್ರಿಯ ರಾಜನನ್ನು ನೋಡಿದ್ದಳಂತೆ. ಮಾತಾಡುತ್ತಿರುವಾಗಲೇ ಮೇಳದವರ ಫೋನು ಬಂತು. ಮೇಸ್ತ್ರಿಯ ಕೊರಳು ಪೂರಾ ಕೂತಿದೆ, ಗೌಂಡಿಯ ಕೈಗೆ ಕಬ್ಬಿಣದ ಸಳಿ ಚುಚ್ಚಿ ಪಟ್ಟಿ ಕಟ್ಟಿದ್ದಾರೆ, ರಾಜನೂ ಇಲ್ಲ ರಾಣಿಯೂ ಇಲ್ಲ. ನಾನು ಬಳೆಯ ಜೊತೆಗೆ ಆಕೆಯನ್ನೂ ಟೆಂಪೊದಲ್ಲಿ ಕೂರಿಸಿಕೊಂಡು ಬಂದೆ.

ಹೆಂಗಸು ರಾಜ ಆಗುವುದೇ ಅಂತ ಮೇಸ್ತ್ರಿ ಪಿಸುದನಿಯಲ್ಲಿ ಗೊಣಗಿದ. ಆಕೆ ಸೊಂಟಕ್ಕೆ ಕೈಯಿಟ್ಟು, “ಇಷ್ಟ್ ವರ್ಷ ಗೌಂಡಿ ರಾಣಿ ಆದಾಗ ನಾವ್ ಸುಮ್ಮ ಕುಂತಿಲ್ಲೇನ್ರಿ?” ಅಂದಳು. ಮೇಸ್ತ್ರಿ ರಾಣಿಯ ಸೀರೆಯನ್ನು ತಾನೇ ಎತ್ತಿಕೊಂಡ. ರಾಣಿಗೆ ಆ ಪ್ರವೇಶದಲ್ಲಿ ಮಾತಿಲ್ಲ. ಮೀಸೆ ತೆಗೆಯಲು ಒಪ್ಪದೆ ಸೆರಗನ್ನು ಮೂಗಿನ ತನಕ ಎಳೆದುಕೊಂಡು ಕೂತ.

ಆಕೆ ಪದ ಎತ್ತಿದಳು. ಮೇಸ್ತ್ರಿಯ ತುಪ್ಪ ಅಲ್ಲಿರಲಿಲ್ಲ, ಸಾಹೇಬರ ಅಳುಕೂ ಇರಲಿಲ್ಲ. ದಿನಾ ನೂರು ಕೈ ಹಿಡಿಯುವಾಕೆಯ ದನಿ, ಪಕ್ಕದಲ್ಲಿ ಕೂತು ಮಾತಾಡಿಸಿದ ಹಾಗೆ. ನಾಲ್ಕು ಬಳೆ ಏರಿದವು. ಐದನೆಯದು ಗೆಣ್ಣಿನ ಹತ್ತಿರ ನಿಂತಿತು. ಪರದೆಯ ಸಂದಿಯಿಂದ ನೋಡಿದರೆ, ಮೇಸ್ತ್ರಿ ಬೇಕೆಂದೇ ಮುಷ್ಟಿ ಬಿಗಿ ಹಿಡಿದು ಕೂತಿದ್ದಾನೆ! ಒತ್ತಿದರೆ ಬಳೆ ಒಡೆಯುತ್ತದೆ, ಬಿಟ್ಟರೆ ನುಡಿ ತಪ್ಪುತ್ತದೆ.

ಆಕೆ ಹಾಡು ನಿಲ್ಲಿಸಿದಳು. ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಮಂದಿಗೆಲ್ಲ ಕೇಳುವ ಹಾಗೆ ಮೆಲ್ಲಗೆ ಹೇಳಿದಳು:

“ಕೈ ಸಡ್ಲ ಬಿಡ್ರಿ ರಾಣೀಸಾಹೇಬ. ಸಿಟ್ಟಿನ ಕೈಗೆ ಬಳಿ ಏರೂದಿಲ್ಲ. ನಿಮ್ಮ ಕೈ ನಾ ನೋಯಿಸಾಂಗಿಲ್ಲ.”

ಮಂದಿ ಅದು ಆಟದಲ್ಲೇ ಇದೆ ಅಂದುಕೊಂಡರು. ಸೆರಗು ನಡುಗಿತು. ಮುಷ್ಟಿ ಒಂದೊಂದೇ ಬೆರಳು ಬಿಚ್ಚಿತು. ಉಳಿದ ಎಂಟೂ ಬಳೆ ಏರಿದವು. ಕಡೆಯ ನುಡಿಗೆ ರಾಣಿ ಅತ್ತ ಅಳು ಯಾವ ಹಾಡಿನಲ್ಲೂ ನಾನು ಕೇಳಿಲ್ಲ. ಸೆರಗು ಜಾರಿ ಮೀಸೆ ಕಂಡಿತು, ಆದರೂ ಒಬ್ಬರೂ ನಗಲಿಲ್ಲ.

ಆಟ ಮುಗಿದ ಮೇಲೂ ಮೇಸ್ತ್ರಿಯ ಕೈಯ ಬಳೆ ಬಿಚ್ಚಲಿಲ್ಲ. ಆಕೆ ಇಟ್ಟದ್ದು ವೇರೂಳದ ಅಳತೆ, ಮೈಗೆ ಕೂತ ಬಳೆ. ಕೈ ಬಾತಿತು. ಸಾಬೂನು ಹಚ್ಚಿ ನೋಡಿದೆವು, ಎಣ್ಣೆ ಹಚ್ಚಿ ನೋಡಿದೆವು. ಹಾಗೆಯೇ ನಾಸಿಕಕ್ಕೆ ಬಂದೆವು.

ಮರುದಿನ ಮುಂಜಾನೆ ಮೇಸ್ತ್ರಿ ಹನ್ನೆರಡು ಹಸಿರು ಬಳೆ ಗಲಗಲ ಅನ್ನಿಸುತ್ತ ಸ್ಲ್ಯಾಬಿನ ಮೇಲೆ ನಿಂತು ಕೂಗುವ ಬದಲು ಕೈಸನ್ನೆಯಲ್ಲೇ ಕೆಲಸ ಹೇಳತೊಡಗಿದ. ಆಳುಗಳು ಬುಟ್ಟಿ ಇಳಿಸಿ ನಗಲು ನಿಂತರು, ಕಾಂಕ್ರೀಟು ಬುಟ್ಟಿಯಲ್ಲೇ ಗಟ್ಟಿಯಾಗತೊಡಗಿತು. ತಡೆಯಲಾರದೆ ಗೌಂಡಿ ಸುತ್ತಿಗೆ ತಂದು, “ಕೈ ಚಾಚ್ರಿ ಮೇಸ್ತ್ರಿ, ಎರಡ ಏಟಿಗೆ ಒಡದ್ ಒಗೀತೀನಿ” ಅಂದ.

ಮೇಸ್ತ್ರಿ ಕೈ ಎದೆಗೆ ಅವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಕೂತ ಕೊರಳಿನಲ್ಲೇ ಗದರಿದ:

“ದೂರ ಸರಿ ಭಾಡ್ಯಾ! ನನ್ನ ರಾಜ ವೇರೂಳದಾಗ ಗಟ್ಟಿಮುಟ್ಟ ಅದಾನ. ಗಂಡ ಜೀವಂತ ಇರೂತನ ಬಳಿ ಒಡಿಸ್ಕೊಳ್ಳೊ ಹೆಣ್ಣು ನಾ ಅಲ್ಲ.”