ಅಮೆರಿಕದವನ ಗುಟ್ಟೂ ನನ್ನ ಬಾಡಿಗೆ ಮನೆಯೂ

ಜಾತಿ ಕೇಳದೇ ಜಾತಿ ತಿಳಿಯುವ ವಿದ್ಯೆಗೆ ಡಾಕ್ಟರೇಟ್ ಕೊಡೋ ಹಾಗಿದ್ದರೆ ನಂಜನಗೂಡಿನಲ್ಲಿ ಬೀದಿಗೆ ಹತ್ತು ಮಂದಿ ಡಾಕ್ಟರುಗಳಿರುತ್ತಿದ್ದರು. ಎಂಬತ್ತರ ಸುಮಾರಿನಲ್ಲಿ ನಾನು ನರಸೀಪುರದ ಕಾಲೇಜಿಗೆ ಇಂಗ್ಲಿಷ್ ಮೇಷ್ಟ್ರಾಗಿ ಸೇರಿ, ನಂಜನಗೂಡಿನಲ್ಲಿ ಮನೆ ಹುಡುಕುತ್ತಿದ್ದೆ. ನಿಜ ಹೇಳಿದ್ದಕ್ಕೆ ಎರಡು ಮನೆ ಆಗಲೇ ಕೈತಪ್ಪಿದ್ದವು. ಈ ಮೂರನೆಯದೂ ಹೋದರೆ ಬಸ್ ಸ್ಟ್ಯಾಂಡೇ ಗತಿ.

೧. ಸಂದರ್ಶನ

ಮನೆ ಯಜಮಾನರು ನಿವೃತ್ತ ಹೆಡ್‌ಮಾಸ್ಟರು, ಬಲು ಮಡಿವಂತರು.

"ಮನೆದೇವರು?"

"ನಂಜುಂಡೇಶ್ವರ, ಸಾರ್."

ಮುಖ ಸಪ್ಪಗಾಯಿತು. ಈ ಸೀಮೆಯಲ್ಲಿ ಹಾಗನ್ನದವರು ಯಾರಿದ್ದಾರೆ!

"ಊರು?"

"ತಗಡೂರು ಕಡೆ."

"ಊರಲ್ಲಿ ನಿಮ್ಮ ಮನೆ ಯಾವ ಕಡೆ ಬರುತ್ತೆ?"

ನಮ್ಮದು ಊರಾಚೆಯ ಕೇರಿ. "ಗಾಳಿ ಬೆಳಕು ಚೆನ್ನಾಗಿರೋ ಕಡೆ ಸಾರ್," ಅಂದೆ.

"ನಮ್ಮಲ್ಲೂ ಅದಕ್ಕೇನೂ ಕೊರತೆಯಿಲ್ಲ," ಎಂದು ಬೀಗದ ಕೈ ಕೊಟ್ಟರು.

೨. ಮೊಟ್ಟೆ ಪಾಠ

ಆ ವರ್ಷ ಪಾಠಕ್ಕಿದ್ದದ್ದು ಒಂದು ಅಮೆರಿಕನ್ ಕಾದಂಬರಿ. ಅದರ ನಾಯಕ ತಾನು ಕರಿಯರ ಮನೆಯಲ್ಲಿ ಹುಟ್ಟಿದ್ದನ್ನು ಮುಚ್ಚಿಟ್ಟು ಬೇರೆ ಊರಲ್ಲಿ ಬಿಳಿಯನಂತೆ ಬದುಕುತ್ತಾನೆ. ಬಾಗಿಲು ಸದ್ದಾದರೆ ಸಾಕು, ಬೆವರುತ್ತಾನೆ. ಪಾಠ ಮಾಡುತ್ತಾ ಮಾಡುತ್ತಾ ನನಗೂ ಅದೇ ರೋಗ ಅಂಟಿತು. ಕಿಟಕಿ ಹಾಕಿಕೊಂಡು ಮೊಟ್ಟೆ ಬೇಯಿಸುವುದು, ಸಿಪ್ಪೆ ಪೊಟ್ಟಣ ಕಟ್ಟಿ ಬಸ್ಸಿನಲ್ಲಿ ನರಸೀಪುರಕ್ಕೆ ಒಯ್ದು ಬಿಸಾಡುವುದು! ಒಂದು ದಿನ ಕ್ಲಾಸಿನಲ್ಲಿ ಚೀಲದಿಂದ ಪುಸ್ತಕ ಎಳೆದೆ, ಪೊಟ್ಟಣ ಬಿಚ್ಚಿ ಸಿಪ್ಪೆಯೆಲ್ಲ ಮೇಜಿನ ಮೇಲೆ. ಮಾನ ಹೋಯಿತು ಅಂದುಕೊಂಡು, "ಅವನ ಮನಸ್ಸಿಗೆ ಯಾಕೆ ಅಷ್ಟು ಹಿಂಸೆ?" ಎಂದು ಮಾತು ತಿರುಗಿಸಿದೆ.

ಹಿಂದಿನ ಬೆಂಚಿನವನೊಬ್ಬ ಎದ್ದ. "ಆ ಊರ್ನೋರು ದಡ್ರು ಕಣ್ಸಾ. ನಮ್ಮಳ್ಳೀಲಾಗಿದ್ರೆ ಬಸ್ಸಿಳಿಯೋದ್ರೊಳ್ಗೇ ಕಂಡಿಡೀತಿದ್ರು. ಅವ್ನಿಗೆ ಯೋಚ್ನೆ ಮಾಡಕ್ಕೂ ಟೈಮ್ ಸಿಕ್ತಿರ್ಲಿಲ್ಲ!"

೩. ತಪ್ಪೊಪ್ಪಿಗೆಯಲ್ಲ, ಬರೀ ಒಪ್ಪಿಗೆ

ಯಜಮಾನರು ಆ ಕಾದಂಬರಿಯನ್ನು ನನ್ನಿಂದ ಇಸಕೊಂಡು ಓದಿದರು. ಓದಿ, ಪಂಚೆಯ ಅಂಚಿನಲ್ಲಿ ಕಣ್ಣೊರೆಸಿಕೊಂಡರು. "ಪಾಪ ಕಣ್ರೀ! ಒಂದು ಮಾತು ಹೇಳಿಬಿಡಬಾರದಿತ್ತೇ? ಮನುಷ್ಯರಾದವರು ಬೇಡ ಅಂತಿದ್ದರೇ?"

ನನಗೂ ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿತ್ತು. ಹೇಳಿಯೇಬಿಟ್ಟೆ.

ಅವರ ಮುಖ ಬೆಳ್ಳಗಾಯಿತು. "ಅಯ್ಯೋ, ಅದು ಅಮೆರಿಕ ಕಣ್ರೀ!" ಎಂದರು. "ನಮ್ಮ ಮನೆಯವಳಿಗೆ ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾಳೆ. ಬೇರೆ ಮನೆ ನೋಡಿಕೊಳ್ಳಿ."

ಒಳಗಿನಿಂದ ಅಮ್ಮನವರ ದನಿ ಬಂತು. "ನನಗೆ ಮೊದಲೇ ಗೊತ್ತು. ಇವರ ತಾಯಿ ಊರಿಂದ ಬಂದಿದ್ದಾಗ ಎಲ್ಲಾ ಮಾತಾಡಿದ್ವಿ. ನೀವೇ ಎದೆ ಒಡ್ಕೋತೀರಿ ಅಂತ ಸುಮ್ಮನಿದ್ದೆ. ದಿನಾ ಎರಡೆರಡು ಸಲ ಹಾಕಿಸ್ಕೊಂಡು ಬೆರಳು ಚೀಪ್ತೀರಲ್ಲ ಆ ನಿಂಬೆಕಾಯಿ ಉಪ್ಪಿನಕಾಯಿ, ಅದು ಅವರ ಕೈಯದ್ದೇ. ಇವರನ್ನ ಕಳಿಸಿ, ಜಾಡೀನೂ ಜೊತೇಲಿ ಕಳಿಸ್ತೀನಿ."

ಯಜಮಾನರು ನೆಟ್ಟಗೆ ಬಚ್ಚಲಿಗೆ ಹೋದರು. ತಲೆಗೆ ನೀರು ಸುರಿದುಕೊಂಡು, ಮಡಿಯುಟ್ಟು, ಜಪ ಮುಗಿಸಿ ಊಟಕ್ಕೆ ಕೂತರು. ನಾನು ಪಕ್ಕದ ನನ್ನ ಮನೆಯಲ್ಲಿ ಗಂಟು ಕಟ್ಟುತ್ತಿದ್ದೆ. ಗೋಡೆಯಾಚೆಯಿಂದ ಯಜಮಾನರ ದನಿ ಕೇಳಿಸಿತು:

"ಎಲ್ಲೇ, ಉಪ್ಪಿನಕಾಯೀನೇ ಹಾಕಿಲ್ವಲ್ಲ!"