ಮೊಟ್ಟೆಯಿಲ್ಲದ ಚಳಿಗಾಲದ ಅಧಿವೇಶನ

ಸಮಾಜವನ್ನು ಸುಧಾರಿಸಲು ಹೊರಟವರು ಮೊದಲು ತಮ್ಮ ಹಿತ್ತಲನ್ನು ಸುಧಾರಿಸಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಕಾಲೇಜಿನ ದಿನಗಳಲ್ಲಿ ಕಾರ್ಕಳದಿಂದ ಕಾಪುವಿನವರೆಗೆ ನಡೆದ ಯಾವ ಚರ್ಚಾಸ್ಪರ್ಧೆಯಿಂದಲೂ ನಾನು ಬರಿಗೈಯಲ್ಲಿ ಮರಳಿದವಳಲ್ಲ. ಆ ಗೆಲುವುಗಳ ಫಲವಾಗಿ ನಮ್ಮ ಮನೆಯಲ್ಲಿ ಇಂದಿಗೂ ಸ್ಟೀಲ್ ಲೋಟಗಳಿಗೆ ಕೊರತೆಯಿಲ್ಲ. ಈಗ ಶಿರ್ವದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಸಂವಿಧಾನವನ್ನೇ ಮಕ್ಕಳ ತಲೆಗೆ ತುಂಬಿದವಳಿಗೆ ನಾಲ್ಕು ಕೋಳಿ ಸಾಕುವುದು ಒಂದು ಸಮಸ್ಯೆಯೇ?

ಅಲ್ಲವೆಂದೇ ಭಾವಿಸಿದ್ದೆ.

ಮಣಿಪಾಲದಿಂದ ಸ್ವಲ್ಪ ಆಚೆ, ಇಳಿಜಾರಿನಲ್ಲಿದೆ ನಮ್ಮ ಬಡಾವಣೆ. ಬಡಾವಣೆಗೊಂದು ನಿವಾಸಿಗಳ ಸಂಘ, ಸಂಘಕ್ಕೆ ಒಬ್ಬ ಅಧ್ಯಕ್ಷರು. ಅಧ್ಯಕ್ಷರು ನಮ್ಮ ಎಡಮನೆಯ ಶೆಣೈ ಮಾಮ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಇಡೀ ಬಡಾವಣೆಯ ಶಾಂತಿ ಮತ್ತು ಶುಚಿತ್ವವನ್ನು ತಮ್ಮ ಹೆಗಲಿಗೇರಿಸಿಕೊಂಡವರು. ನಾನು ಕೋಳಿ ತರುವ ಸುದ್ದಿ ಗೋಡೆಯಾಚೆ ಹೋದ ದಿನವೇ ಅವರು ಸಭೆ ಕರೆದರು. ದೀಪಾವಳಿಯ ಪಟಾಕಿಯ ಕಾಗದಗಳನ್ನು ರಸ್ತೆಯಿಂದ ಇನ್ನೂ ಗುಡಿಸಿರಲಿಲ್ಲ.

“ನೋಡಿ ಟೀಚರ್, ಕೋಳಿ ಅಂದರೆ ಗಲೀಜು,” ಎಂದರು ಶೆಣೈ ಮಾಮ. “ಕೋಳಿ ಬಂದರೆ ಹಾವು ಬರ್ತದೆ. ಹಾವು ಬಂದರೆ—”

“ನವಿಲು ಬರುತ್ತದೆ. ನಮ್ಮ ರಾಷ್ಟ್ರಪಕ್ಷಿ!” ಎಂದೆ.

ಸಭೆ ನಕ್ಕಿತು. ನಗಿಸಿದ ಪಕ್ಷ ಅರ್ಧ ಗೆದ್ದಂತೆ. ಉಳಿದ ಅರ್ಧವನ್ನು ಸ್ವಾವಲಂಬನೆ, ಅಡುಗೆಮನೆಯ ಕಸದ ಸದುಪಯೋಗ, ಎಳೆಯರ ಪೌಷ್ಟಿಕತೆ ಎಂಬ ವಿಷಯಗಳ ಮೇಲೆ ನಿರರ್ಗಳವಾಗಿ ಮಾತನಾಡಿ ಗೆದ್ದೆ. ಸಂಕ್ರಾಂತಿ ಕಳೆದ ಮೇಲೆ ನಡೆಯುವ ಸಭೆಯವರೆಗೆ ಕೋಳಿ ಸಾಕಲು ನನಗೆ ತಾತ್ಕಾಲಿಕ ಅನುಮತಿ ದೊರೆಯಿತು. ಹುಂಜ ಮಾತ್ರ ಕೂಡದು, ಹೇಂಟೆಗಳು ಇರಬಹುದು ಎಂಬುದು ಷರತ್ತು.

ಗೆದ್ದವರು ಅಲ್ಲಿಗೆ ಕುಳಿತುಕೊಳ್ಳಬೇಕು. ನಾನು ಕುಳಿತುಕೊಳ್ಳಲಿಲ್ಲ.

“ಮಾನ್ಯರೇ! ಕ್ರಿಸ್ಮಸ್ ಬರುವುದರೊಳಗೆ ಪ್ರತಿ ಮನೆಗೂ ನನ್ನ ಹಿತ್ತಲಿನ ತಾಜಾ ಮೊಟ್ಟೆ ತಲುಪದಿದ್ದರೆ, ಕೋಳಿಗಳನ್ನು ಇಟ್ಟುಕೊಳ್ಳುವ ನೈತಿಕ ಹಕ್ಕು ನನಗಿಲ್ಲ!” ಎಂದು ಘೋಷಿಸಿಬಿಟ್ಟೆ. ಯಾರೂ ಕೇಳಿರಲಿಲ್ಲ. ವಾಕ್ಯ ಚೆನ್ನಾಗಿತ್ತು, ಅಷ್ಟೆ.

“ನಾನು ಮೊಟ್ಟೆ ತಿನ್ನುದಿಲ್ಲ,” ಎಂದರು ಶೆಣೈ ಮಾಮ.

“ನಿಮ್ಮ ಪಾಲನ್ನು ತಾತ್ವಿಕವಾಗಿ ಸ್ವೀಕರಿಸಬೇಕು.”

ಮಣಿಪಾಲದಲ್ಲಿ ಔಷಧಿ ಅಂಗಡಿ ನಡೆಸುವ ನಮ್ಮ ಮನೆಯವರು ನನ್ನ ಸೆರಗು ಜಗ್ಗಿದರು. “ಮೊದಲು ಕೋಳಿ ತರುವ ಮಾರಾಯ್ತಿ. ಆಮೇಲೆ ಮೊಟ್ಟೆ ಹಂಚು.”

ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಪುರಾತನ ಪ್ರಶ್ನೆಗೆ ನಮ್ಮ ಮನೆಯಲ್ಲಿ ಹೀಗೆ ಉತ್ತರ ದೊರೆಯಿತು. ಮೊದಲು ಭಾಷಣ!

ಕೋಳಿ ಹುಡುಕಲು ಹೊರಟಾಗ ನನಗೆ ಅರ್ಥಶಾಸ್ತ್ರದ ಒಂದು ಕ್ರೂರ ನಿಯಮ ತಿಳಿಯಿತು. ಚಳಿಗಾಲದಲ್ಲಿ ಮೊಟ್ಟೆ ಇಡುವ ಹೇಂಟೆಯನ್ನು ಯಾರೂ ಮಾರುವುದಿಲ್ಲ. ಮಾರುವ ಹೇಂಟೆ ಮೊಟ್ಟೆ ಇಡುವುದಿಲ್ಲ. ಶಿರ್ವದಲ್ಲಿ ನನ್ನ ವಿದ್ಯಾರ್ಥಿಗಳ ಮನೆಮನೆ ತಿರುಗಿದ್ದಾಯಿತು. ಕೊನೆಗೆ ಯಾರೋ ಬೆಳ್ಮಣ್‌ನ ಕಲ್ಯಾಣಿಯಕ್ಕನ ಮನೆ ತೋರಿಸಿದರು. ಭಾನುವಾರ ಇವರ ಸ್ಕೂಟರಿನಲ್ಲಿ ಹೋದೆವು.

“ಎಂತಕ್ಕೆ ಕೋಳಿ? ಕೊಯ್ದು ಪದಾರ್ಥ ಮಾಡ್ಲಿಕ್ಕಾ?” ಎಂದು ಕೇಳಿದರು ಕಲ್ಯಾಣಿಯಕ್ಕ.

“ಸ್ವಾವಲಂಬನೆಗೆ,” ಎಂದೆ.

ಕಲ್ಯಾಣಿಯಕ್ಕ ಇವರ ಮುಖ ನೋಡಿದರು.

“ಮೊಟ್ಟೆಗೆ,” ಎಂದು ಇವರು ಅನುವಾದಿಸಿದರು.

“ಈಗ ಎಂತ ಮೊಟ್ಟೆ ಮಾರ್ರೆ! ಚಳಿ ಹಿಡಿದದ್ದಲ್ವಾ? ಹಗಲು ಗಿಡ್ಡ ಆಯ್ತು, ಕೋಳಿ ಪುಕ್ಕ ಉದುರಿಸುವ ಕಾಲ ಇದು. ಇಟ್ಟರೆ ಇಟ್ಟಿತು, ಇಲ್ಲದಿದ್ದರೆ ಇಲ್ಲ.”

ಇದನ್ನು ನಾನು ನಿರಾಶಾವಾದವೆಂದು ತಳ್ಳಿಹಾಕಿದೆ. ಅಂಗಳದಲ್ಲಿ ಹತ್ತಾರು ಕೋಳಿಗಳು ಗೊತ್ತುಗುರಿಯಿಲ್ಲದೆ ಓಡಾಡುತ್ತಿದ್ದವು. ಒಂದು ಕಂದು ಹೇಂಟೆ ಮಾತ್ರ ಮೂಲೆಯ ಬುಟ್ಟಿಯಲ್ಲಿ ಮೈಯುಬ್ಬಿಸಿ, ಲೋಕವನ್ನೇ ತಿರಸ್ಕಾರದಿಂದ ನೋಡುತ್ತ ಅಲುಗಾಡದೆ ಕುಳಿತಿತ್ತು.

“ಅದು ಬೇಡ ಟೀಚರ್. ಅದು ಕಾವಿಗೆ ಕೂತದ್ದು. ಎಬ್ಬಿಸಿದರೂ ಏಳುದಿಲ್ಲ.”

“ಕುಳಿತ ಪೀಠ ಬಿಡದ ಆ ನಿಷ್ಠೆಯೇ ನನಗೆ ಬೇಕಾದದ್ದು!” ಎಂದೆ. ಅಲ್ಲಿಯೇ ಅದಕ್ಕೆ ‘ಸಭಾಪತಿ’ ಎಂದು ನಾಮಕರಣ ಮಾಡಿದೆ. ಕಾವಿಗೆ ಕುಳಿತ ಕೋಳಿ ಮರಿ ಮಾಡುವ ಹಟದಲ್ಲಿ ಮೊಟ್ಟೆ ಇಡುವುದನ್ನೇ ನಿಲ್ಲಿಸಿಬಿಡುತ್ತದೆ ಎಂಬ ಸತ್ಯ ನನಗೆ ತಿಳಿಯುವಷ್ಟರಲ್ಲಿ, ಸಭಾಪತಿಯೂ ಇನ್ನು ಮೂವರು ಸದಸ್ಯೆಯರೂ ನಮ್ಮಿಬ್ಬರ ನಡುವೆ ಒಂದು ಬುಟ್ಟಿಯಲ್ಲಿ ಕುಳಿತು ಕಟಪಾಡಿ ದಾಟಿದ್ದರು. ರಸ್ತೆಯಲ್ಲಿ ಹಂಪ್ ಬಂದಾಗಲೆಲ್ಲ ಸಭಾಪತಿ ಬುಟ್ಟಿಯ ಕಂಡಿಯಿಂದ ಕುತ್ತಿಗೆ ಹೊರಹಾಕಿ ಇವರ ಬೆನ್ನಿಗೆ ಕುಟುಕುತ್ತಿತ್ತು.

“ಪ್ರಶ್ನೋತ್ತರ ವೇಳೆ ಯಾವಾಗ ಮುಗಿಯುದು ಇದರದ್ದು?” ಎಂದು ಇವರು ಉಡುಪಿಯವರೆಗೂ ಕೇಳುತ್ತಲೇ ಇದ್ದರು.

ಡಿಸೆಂಬರ್ ಬಂತು. ಮೊಟ್ಟೆ ಬರಲಿಲ್ಲ.

ನಮ್ಮೂರಿನ ಚಳಿಯೆಂದರೆ ಫ್ಯಾನನ್ನು ಒಂದು ಪಾಯಿಂಟ್ ಕಡಿಮೆ ಮಾಡುವಷ್ಟು ಮಾತ್ರ. ಆದರೆ ನನ್ನ ಕೋಳಿಗಳು ಅದನ್ನು ಹಿಮಾಲಯದ ಚಳಿಯೆಂದೇ ಪರಿಗಣಿಸಿದವು. ಮೂವರು ಸದಸ್ಯೆಯರು ಪುಕ್ಕ ಉದುರಿಸತೊಡಗಿದರು. ಕುತ್ತಿಗೆಯ ಪುಕ್ಕ ಹೋಯಿತು, ಬಾಲ ಹೋಯಿತು, ಮಾನ ಹೋಯಿತು. ಮಾನ ನನ್ನದು. ಪುಕ್ಕಗಳು ಗೋಡೆ ಹಾರಿ ಶೆಣೈ ಮಾಮನ ತುಳಸಿಕಟ್ಟೆಯ ಮೇಲೆ, ಒಗೆದು ಹಾಕಿದ ಪಂಚೆಯ ಮೇಲೆ, ಕೊನೆಗೆ ಸಂಜೆಯ ಚಹಾದೊಳಗೂ ಇಳಿದವು.

“ಅಯ್ಯೋ ದೇವಾ! ಟೀಚರ್, ಕೋಳಿ ನಿಮ್ಮದು, ಬಿರಿಯಾನಿ ನನ್ನ ಲೋಟದಲ್ಲಾ?”

ಬೆಳಕು ಕಡಿಮೆಯಾದರೆ ಮೊಟ್ಟೆ ಕಡಿಮೆ ಎಂದು ಎಲ್ಲೋ ಓದಿದೆ. ಹಾಗಾದರೆ ಬೆಳಕು ಹೆಚ್ಚಿಸಿದರೆ? ತರ್ಕ ನಿರ್ದೋಷವಾಗಿತ್ತು. ದೀಪಾವಳಿಗೆ ತಂದಿದ್ದ ಬಣ್ಣದ ಬಲ್ಬುಗಳ ಸರವನ್ನು ಗೂಡಿನ ಸುತ್ತ ಕಟ್ಟಿದೆ. ಸೊಳ್ಳೆ ಬಾರದಿರಲೆಂದು ಬದಿಯಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕಿದೆ. ಸಂಜೆ ಏಳಕ್ಕೆ ಹಿತ್ತಲಿನ ಗೇಟು ತೆರೆದು ಇಬ್ಬರು ಹಾಸ್ಟೆಲ್ ಹುಡುಗರು ಒಳಬಂದರು.

“ಆಂಟಿ, ಹೊಸದಾಗಿ ಓಪನ್ ಆಗಿರೋದಾ? ಎಗ್ ಬುರ್ಜಿ ಸಿಗುತ್ತಾ?”

“ಮೊಟ್ಟೆಯೇ ಇಲ್ಲ,” ಎಂದೆ.

ಹುಡುಗ ಗೂಡಿನೊಳಗೆ ಇಣುಕಿದ. “ಹಾಗಾದ್ರೆ ಚಿಕನ್?”

“ಅವರು ಸಭಾಪತಿಗಳು!”

ಹುಡುಗರು ಬಂದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಹೊರಟುಹೋದರು. ಬೆಳಕಿನ ಪರಿಣಾಮವಾಗಿ ಕೋಳಿಗಳು ಊರೆಲ್ಲ ಊಟ ಮುಗಿಸಿದ ಮೇಲೂ ‘ಕೊಕ್ಕೊಕ್ಕೋ’ ಎಂದು ಕೂಗತೊಡಗಿದವು. ಮೊಟ್ಟೆ ಇಟ್ಟ ಕೋಳಿ ಕೂಗುವುದು ಲೋಕಾರೂಢಿ. ಇವು ಏನೂ ಇಡದೆ ಕೂಗಿದವು. ಸಾಕಿದವಳ ಗುಣ ಎಂದರು ಇವರು.

“ಟೀಚರ್,” ಗೋಡೆಯಾಚೆಯಿಂದ ಶೆಣೈ ಮಾಮನ ಸ್ವರ, “ನಿಮ್ಮ ಕೋಳಿಗಳಿಗೆ ಸೂರ್ಯಾಸ್ತ ಅಂತ ಒಂದು ಉಂಟಾ ಇಲ್ವಾ?”

ಬಲ್ಬು ಬಿಚ್ಚಿದೆ. ಆಗ ಬಲಮನೆಯ ವಾರಿಜಕ್ಕ ಉಪಾಯ ಹೇಳಿದರು. ಕಾಪುವಿನಲ್ಲಿ ಕೋಳಿಗಳ ಮಧ್ಯೆಯೇ ಬೆಳೆದವರು ಅವರು. ಬಡಾವಣೆಯಲ್ಲಿ ನನ್ನ ಏಕೈಕ ಬಹಿರಂಗ ಬೆಂಬಲಿಗರು.

“ಗೂಡಿನಲ್ಲಿ ಒಂದು ಮೊಟ್ಟೆ ಇಟ್ಟು ನೋಡಿ ಟೀಚರ್. ಅದು ಕಂಡರೆ ಉಳಿದವಕ್ಕೂ ಇಡ್ಲಿಕ್ಕೆ ಮನಸ್ಸು ಬರ್ತದೆ.”

ಆದರ್ಶವನ್ನು ಕಣ್ಣೆದುರು ಇಟ್ಟರೆ ಸಮಾಜ ಅದನ್ನು ಅನುಸರಿಸುತ್ತದೆ! ಇದು ನಾನು ತರಗತಿಯಲ್ಲಿ ಹೇಳುವ ಮಾತೇ ಅಲ್ಲವೇ? ಇವರಿಗೂ ಹೇಳದೆ ಅಂಗಡಿಯಿಂದ ಒಂದು ಮೊಟ್ಟೆ ತಂದು ಗೂಡಿನಲ್ಲಿಟ್ಟೆ. ಸದಸ್ಯೆಯರು ಅದನ್ನು ನೋಡಿದರು, ಮುಂದೆ ನಡೆದರು. ಸಭಾಪತಿ ಬಂದು ಅದರ ಮೇಲೆ ಕುಳಿತು ಕಲಾಪವನ್ನು ಅನಿರ್ದಿಷ್ಟಾವಧಿಗೆ ಮುಂದೂಡಿತು.

ಮರುದಿನ ಬೆಳಿಗ್ಗೆ ನಾನು ಸ್ನಾನಕ್ಕೆ ಹೋದ ಸಮಯ. ಇವರು ಗೂಡಿಗೆ ನೀರಿಡಲು ಹೋದರು. ಸಭಾಪತಿ ಕಾಳು ತಿನ್ನಲು ಒಂದು ಕ್ಷಣ ಎದ್ದಿತ್ತಂತೆ.

“ಇಟ್ಟಿತು! ಮೊಟ್ಟೆ ಇಟ್ಟಿತು!” ಎಂದು ಇವರು ಹಾಕಿದ ಬೊಬ್ಬೆಗೆ ಬಡಾವಣೆಯೇ ನಮ್ಮ ಹಿತ್ತಲಿಗೆ ಬಂತು. ಮದುವೆಯಾದಂದಿನಿಂದ ಈ ಮನುಷ್ಯ ಅಷ್ಟು ಜೋರಾಗಿ ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ. ಒದ್ದೆ ತಲೆಗೆ ಬೈರಾಸು ಸುತ್ತಿಕೊಂಡು ಓಡಿ ಬಂದರೆ, ಇವರು ಮೊಟ್ಟೆಯನ್ನು ಟ್ರೋಫಿಯಂತೆ ಎತ್ತಿ ಹಿಡಿದಿದ್ದರು. ವಾರಿಜಕ್ಕ ಚಪ್ಪಾಳೆ ತಟ್ಟುತ್ತಿದ್ದರು. ಶೆಣೈ ಮಾಮ ಕೂಡ ಗೋಡೆಯ ಮೇಲಿಂದ, “ಪರವಾಗಿಲ್ಲ, ಅಂತೂ ಆಯ್ತು,” ಎಂದರು.

ಸುಮ್ಮನಿದ್ದಿದ್ದರೆ ಸಾಕಿತ್ತು.

“ಮಹನೀಯರೇ,” ಎಂದೆ, “ಸತ್ಯದ ಹಿತದೃಷ್ಟಿಯಿಂದ ತಿಳಿಸುತ್ತೇನೆ. ಈ ಮೊಟ್ಟೆ ಅಂಗಡಿಯದ್ದು.”

ಇವರ ಕೈ ನಿಧಾನವಾಗಿ ಕೆಳಗಿಳಿಯಿತು. “ಬಾಯಿ ಮುಚ್ಚಿ ಕೂತ್ಕೊಳ್ಲಿಕ್ಕೆ ಆಗುದಿಲ್ವಾ ಟೀಚರ್ ನಿಮಗೆ?” ಎಂದು ವಾರಿಜಕ್ಕ ತಲೆ ಚಚ್ಚಿಕೊಂಡರು.

ಕ್ರಿಸ್ಮಸ್‌ಗೆ ಮನೆಮನೆಗೆ ಮೊಟ್ಟೆಯ ಬದಲು ಸ್ಪಷ್ಟೀಕರಣ ಹಂಚಿದೆ.

ಇಷ್ಟರಲ್ಲಿ ಇನ್ನೊಂದು ಅನಾಹುತವೂ ನಡೆದಿತ್ತು. ನನಗೆ ಕೋಳಿಗಳ ಮೇಲೆ ಪ್ರೀತಿ ಹುಟ್ಟಿತ್ತು. ಶಾಲೆಗೆ ಹೊರಡುವ ಮುನ್ನ ಆ ದಿನದ ಪಾಠವನ್ನು ಸಭಾಪತಿಯ ಮುಂದೆ ಒಮ್ಮೆ ಹೇಳುವ ರೂಢಿಯಾಯಿತು. ಮೂಲಭೂತ ಹಕ್ಕುಗಳಿಂದ ಪಂಚಾಯತ್ ವ್ಯವಸ್ಥೆಯವರೆಗೆ ಅದು ಕಣ್ಣು ಮಿಟುಕಿಸದೆ ಕೇಳುತ್ತಿತ್ತು. ನನ್ನ ಮಾತಿನ ಮಧ್ಯೆ ಎದ್ದು ಹೋಗದ ಜೀವಿಯನ್ನು ನಾನು ಮೊದಲ ಬಾರಿಗೆ ಕಂಡಿದ್ದೆ. ಮೊಟ್ಟೆ ಇಡದಿದ್ದರೆ ಬೇಡ, ಅದು ಹಿತ್ತಲಿನಲ್ಲಿ ಇದ್ದರೆ ಸಾಕು ಎನ್ನಿಸತೊಡಗಿತು. ಆದರೆ ಸಂಕ್ರಾಂತಿ ಕಳೆದಿತ್ತು. ಸಭೆ ಬಂದೇ ಬಂತು.

ಶೆಣೈ ಮಾಮನ ಕಾರ್ ಶೆಡ್ಡಿನಲ್ಲಿ ಸಭೆ. ಚಹಾ ಮತ್ತು ಗೋಳಿಬಜೆಯ ವ್ಯವಸ್ಥೆಯಿತ್ತು. ಅಧ್ಯಕ್ಷರು ಎದ್ದು ನಿಂತರು, ಬಾಯಿ ತೆರೆದರು. ‘ಹ್ಸ್ಸ್’ ಎಂಬ ಗಾಳಿ ಮಾತ್ರ ಹೊರಬಂತು. ಚಳಿಗೆ ಅವರ ಗಂಟಲು ಕಟ್ಟಿ, ಎರಡು ದಿನಗಳಿಂದ ಸ್ವರವೇ ಇರಲಿಲ್ಲ! ಅವರು ನಮ್ಮ ಹಿತ್ತಲಿನ ಕಡೆ ಬೆರಳು ತೋರಿಸಿದರು, ಎರಡೂ ಕೈಗಳನ್ನು ರೆಕ್ಕೆಯಂತೆ ಬಡಿದರು, ಲೋಟ ತೋರಿಸಿದರು, ಎದೆ ಮುಟ್ಟಿಕೊಂಡರು. ಕೊನೆಯ ಮನೆಯವರು, “ಮಾಮನಿಗೆ ಉಸಿರಾಟದ ತೊಂದರೆಯಾ?” ಎಂದು ಕೇಳಿದರು.

ವಾರಿಜಕ್ಕ ಸಮಯ ಸಾಧಿಸಿದರು. “ಪಾಪ, ಮಾಮನಿಗೆ ಸ್ವರ ಇಲ್ಲ. ಕೋಳಿ ವಿಷಯ ಬಿಡುವ. ಇದ್ದರೆ ಇರ್ಲಿ, ಅಲ್ವಾ? ಗೋಳಿಬಜೆ ತಣಿಯುದು ಬೇಡ.”

“ಹೌದು ಹೌದು, ಇರ್ಲಿ,” ಎಂದು ಎಲ್ಲರೂ ತಟ್ಟೆಗೆ ಕೈ ಹಾಕಿದರು.

ನಾನು ಗೆದ್ದಿದ್ದೆ. ಒಂದು ಮಾತೂ ಆಡದೆ ಗೆದ್ದಿದ್ದೆ! ಸಭಾಪತಿ ನಮ್ಮ ಹಿತ್ತಲಿನಲ್ಲಿ ಉಳಿಯಲು ನಾನು ಮಾಡಬೇಕಾಗಿದ್ದ ಕೆಲಸವೆಂದರೆ ಗೋಳಿಬಜೆಯನ್ನು ಚಟ್ನಿಗೆ ಅದ್ದುವುದು. ಆದರೆ ಎದುರಿಗೆ ಶೆಣೈ ಮಾಮ ನಿಂತಿದ್ದರು. ಹೇಳಲು ಇಷ್ಟೊಂದಿದ್ದೂ ಹೇಳಲಾಗದೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದರು. ಎದುರಾಳಿಯ ಗಂಟಲು ಕಟ್ಟಿದ್ದರಿಂದ ದೊರೆತ ಗೆಲುವು ಗೆಲುವೇ? ನ್ಯಾಯವೆಂಬುದು ಇಲ್ಲವೇ?

ಇವರಿಗೆ ನನ್ನ ಮುಖದ ಲಕ್ಷಣ ಗೊತ್ತು. “ಬೇಡ ಮಾರಾಯ್ತಿ. ಕೂತ್ಕೊ. ಬಜೆ ತಿನ್ನು,” ಎಂದು ಪಿಸುಗುಟ್ಟಿದರು.

ನಾನು ಎದ್ದೆ.

“ಮಾನ್ಯರೇ, ಅಧ್ಯಕ್ಷರ ಪರವಾಗಿ ಅವರ ವಾದವನ್ನು ನಾನೇ ಮಂಡಿಸಲು ಅನುಮತಿ ಕೋರುತ್ತೇನೆ.”

ಕಾಲೇಜಿನಲ್ಲಿ ನಮಗೆ ಪರ-ವಿರೋಧ ಎರಡನ್ನೂ ಅಭ್ಯಾಸ ಮಾಡಿಸುತ್ತಿದ್ದರು. ವಿರೋಧದಲ್ಲಿ ನಾನು ಒಂದು ಕೈ ಮೇಲು. ಮೊದಲು ಚಹಾದಲ್ಲಿ ತೇಲಿದ ಪುಕ್ಕದಿಂದ ಆರಂಭಿಸಿದೆ. ಜೀವನವಿಡೀ ದುಡಿದ ಒಬ್ಬ ಹಿರಿಯರು, ಸಂಜೆಯ ಒಂದು ಲೋಟ ಚಹಾವನ್ನು ಶುದ್ಧವಾಗಿ ಕುಡಿಯಲಾಗದ ಸಮಾಜವನ್ನು ನಾವು ಯಾವ ಬಾಯಿಯಿಂದ ನಾಗರಿಕ ಎನ್ನೋಣ? ಯಾರೋ ‘ಛೆ ಛೆ’ ಎಂದರು. ನನಗೆ ಹುರುಪೇರಿತು. ಹೊತ್ತುಗೊತ್ತಿಲ್ಲದ ಕೂಗಿನಿಂದ ಹಿಡಿದು ಹಿತ್ತಲಿಗೆ ಬುರ್ಜಿ ಕೇಳಿಕೊಂಡು ಬಂದ ಹುಡುಗರವರೆಗೆ ಒಂದನ್ನೂ ಬಿಡಲಿಲ್ಲ. ಶೆಣೈ ಮಾಮನಿಗೆ ಗೊತ್ತಿರದ ಗೊಬ್ಬರದ ವಾಸನೆಯ ಸಂಗತಿಯನ್ನೂ ನಾನಾಗಿಯೇ ಒದಗಿಸಿದೆ. ಕೊನೆಗೆ ಸ್ವರ ತಗ್ಗಿಸಿ ಕೇಳಿದೆ: “ಹೋಗಲಿ, ಇಷ್ಟೆಲ್ಲ ಸಹಿಸಿದ್ದಕ್ಕೆ ನಮಗೆ ಒಂದೇ ಒಂದು ಮೊಟ್ಟೆಯಾದರೂ ಸಿಕ್ಕಿತೇ? ಕೊಟ್ಟ ಮಾತು ಉಳಿಸಿಕೊಳ್ಳದವರನ್ನು ನಾವು ಇನ್ನೆಷ್ಟು ಕಾಲ ನಂಬಬೇಕು?”

ಚಪ್ಪಾಳೆ! ಕಾರ್ ಶೆಡ್ಡಿನ ಶೀಟು ನಡುಗುವಂಥ ಚಪ್ಪಾಳೆ! ಶೆಣೈ ಮಾಮ ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಂಡರು. ಕೋಳಿಗಳನ್ನು ಕಳಿಸಬೇಕೆನ್ನುವವರು ಕೈ ಎತ್ತಿ ಎಂದು ಯಾರೋ ಕೂಗಿದರು. ಕಾಡು ಬೆಳೆದಂತೆ ಕೈಗಳೆದ್ದವು. ಶೆಣೈ ಮಾಮ ಎರಡೂ ಕೈ ಎತ್ತಿದರು. ವಾರಿಜಕ್ಕ ಕ್ಷಮೆ ಕೇಳುವವರಂತೆ ನನ್ನನ್ನು ನೋಡಿ ಕೈ ಎತ್ತಿದರು. ಇವರು ಗೋಳಿಬಜೆ ಹಿಡಿದಿದ್ದ ಕೈಯನ್ನೇ ಎತ್ತಿದರು.

ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಹತ್ತು ಹೆಜ್ಜೆ ನಡೆದು ಮನೆಗೆ ಮರಳಿ, ನೇರ ಹಿತ್ತಲಿಗೆ ಹೋದೆವು. ವಾರಿಜಕ್ಕನ ತಮ್ಮ ಮರುದಿನ ಕಾಪುವಿನಿಂದ ರಿಕ್ಷಾ ತಂದು ಕೋಳಿಗಳನ್ನು ಒಯ್ಯುವುದೆಂದು ಸಭೆಯಲ್ಲೇ ನಿಶ್ಚಯವಾಗಿತ್ತು. ಕತ್ತಲಾಗುತ್ತಿತ್ತು. ಸಭಾಪತಿ ಬುಟ್ಟಿಯಲ್ಲಿ, ತನ್ನ ವಿರುದ್ಧ ನಡೆದ ಕಲಾಪದ ಸುಳಿವೇ ಇಲ್ಲದೆ, ಘನತೆಯಿಂದ ಕುಳಿತಿತ್ತು. ನಾನು ಅದರ ಬೆನ್ನು ಸವರಿದೆ. ಅಂದು ಮಾತ್ರ ಅದು ಕುಟುಕಲಿಲ್ಲ. ನನ್ನ ಕಣ್ಣು ತುಂಬಿತು.

ಇವರು ಪಕ್ಕಕ್ಕೆ ಬಂದು ನಿಂತರು.

“ನಾವೆಲ್ಲ ಕೈ ಎತ್ತಿದ್ದು ಸರಿ,” ಎಂದರು ಮೆಲ್ಲಗೆ. “ಅಷ್ಟು ಪ್ರೀತಿ ಇದ್ದವಳು ನೀನು ಎಂತಕ್ಕೆ ಕೈ ಎತ್ತಿದ್ದು ಮಾರಾಯ್ತಿ?”

ನಾನು ಮೂಗು ಒರೆಸಿಕೊಂಡೆ.

“ಭಾಷಣ ಚೆನ್ನಾಗಿತ್ತು,” ಎಂದೆ.