ಬ್ರೂನೋ ಪರವಾಗಿ ನಾನು ಓಡಿದ್ದು

ನನ್ನ ಪ್ಯಾಂಟುಗಳೆಲ್ಲ ಸೊಂಟ ಬಿಟ್ಟು ಜಾರುತ್ತಿವೆ. ಬೆಲ್ಟಿಗೆ ಮೂರು ಹೊಸ ತೂತು ಕೊರೆಸಿದ್ದಾಯಿತು. ಆಫೀಸಿನಲ್ಲಿ "ಶುಗರ್ರಾ ಸಾರ್?" ಎಂದು ಕನಿಕರದಿಂದ ವಿಚಾರಿಸುತ್ತಾರೆ. ಶುಗರ್ ಅಲ್ಲ ಸ್ವಾಮಿ, ನಾಯಿ. ಅದೂ ನನ್ನದಲ್ಲದ ನಾಯಿ!

ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆ ಮೂರನೇ ಮಹಡಿಯ ಫ್ಲಾಟೊಂದರಲ್ಲಿ ನಾನೂ ನನ್ನ ಧರ್ಮಪತ್ನಿ ಕಾಂತಾಮಣಿಯೂ ಏಳು ವರ್ಷದಿಂದ ಇದ್ದೆವು. ಅವಳು ಮೈಸೂರಿನ ಅಗ್ರಹಾರದಲ್ಲಿ ಅಂಗಳ ಗುಡಿಸಿ ಬೆಳೆದವಳು. "ಕಾಲು ಮಣ್ಣಿಗೆ ತಾಗಿ ಏಳು ವರ್ಷ ಆಯ್ತು ಕಣ್ರೀ" ಎಂಬುದು ನಮ್ಮ ಮನೆಯಲ್ಲಿ ಬೆಳಿಗ್ಗೆ ಸಂಜೆ ಮೊಳಗುತ್ತಿದ್ದ ಸುಪ್ರಭಾತ. ಅಷ್ಟರಲ್ಲಿ ಅಲ್ ಥುಮಾಮಾದಲ್ಲಿ ನಮ್ಮ ಕಂಪನಿಯ ವಿಲ್ಲಾ ಒಂದು ಖಾಲಿಯಾಯಿತು. ಅಂಗಳ, ಕಾಂಪೌಂಡು, ಒಂದು ಬೇವಿನ ಮರ ಸಮೇತ! ಅದನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವವರು ಅಡ್ಮಿನ್ ಮ್ಯಾನೇಜರ್ ಎಡ್ನಾ ಮೇಡಂ. ಮಂಗಳೂರಿನವರು, ಮಾತು ಜೋರು, ಮನಸ್ಸು ಬೆಣ್ಣೆ. (ಆ ಬೆಣ್ಣೆ ಹೆಚ್ಚಾಗಿ ಫ್ರಿಜ್ಜಿನಲ್ಲಿರುತ್ತದೆ ಎನ್ನುವುದು ಬೇರೆ ಮಾತು.)

ಎಡ್ನಾ ಮೇಡಂ ತಮ್ಮನ ಮಗಳ ಮದುವೆಗೆಂದು ಒಂದು ತಿಂಗಳು ಊರಿಗೆ ಹೊರಟರು. ಅವರ ನಾಯಿ ಬ್ರೂನೋನನ್ನು ಯಾರು ನೋಡಿಕೊಳ್ಳುತ್ತೀರಿ ಎಂದು ಕೇಳಿದ್ದೇ ತಡ, ಇಡೀ ಆಫೀಸಿಗೆ ಫೈಲುಗಳ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಕೈ ಎತ್ತಿದವನು ನಾನೊಬ್ಬನೇ. ನನಗೆ ನಾಯಿ ಎಂದರೆ ಚಿಕ್ಕಂದಿನಿಂದಲೂ ಪ್ರಾಣಭಯ. ಆದರೆ ಆ ವಿಲ್ಲಾ ಬೇರೆಯವರ ಪಾಲಾದರೆ ಮನೆಯಲ್ಲಿ ಎದುರಿಸಬೇಕಾದ ಭಯ ಅದಕ್ಕಿಂತ ದೊಡ್ಡದು.

"ನೋಡಿ ಗೋಪಿನಾಥ್, ಊಟ ದಿನಕ್ಕೆ ಎರಡೇ ಸಲ, ಈ ಕಪ್ಪಿನ ಅಳತೆಯಲ್ಲಿ" ಎಂದರು ಮೇಡಂ. "ಬೆಳಿಗ್ಗೆ ಐದಕ್ಕೆ ಪಾರ್ಕಿಗೆ ಕರ್ಕೊಂಡು ಹೋಗಿ ಬೆಲ್ಟ್ ಬಿಚ್ಚಿ ಬಿಡ್ಬೇಕು. ಅರ್ಧ ಗಂಟೆ ಓಡ್ಲೇಬೇಕು. ಆಮೇಲೆ ಮರಳು ಸುಡ್ತದೆ, ಪಾಪ, ಕಾಲಿಗೆ ಬೊಬ್ಬೆ ಬರ್ತದೆ. ಈಗ ಮೂವತ್ತು ಕಿಲೋ ಇದ್ದಾನೆ. ನಾನು ಬರುವಾಗ ಹೀಗೇ ಇದ್ರೆ ವಿಲ್ಲಾ ವಿಷಯ ಮಾತಾಡುವ, ಆಯ್ತಾ?"

ಕಾಂತಾಮಣಿ ಮೊದಲು, "ನಾಯೀನಾ? ನಮ್ಮನೆ ಒಳಗಾ?" ಎಂದು ಚೀರಿದಳು. ವಿಲ್ಲಾ ಎಂದೆ. ತಕ್ಷಣ ಸೆರಗು ಸರಿಪಡಿಸಿಕೊಂಡು, "ಬನ್ನಿ, ಒಳಗೆ ಬನ್ನಿ" ಎಂದಳು. ನನಗಲ್ಲ, ನಾಯಿಗೆ. ಮ್ಯಾನೇಜರ್ ಮನೆಯ ನಾಯಿಯನ್ನು ಏಕವಚನದಲ್ಲಿ ಕರೆಯುವುದು ಹೇಗೆ, ನೀವೇ ಹೇಳಿ!

ಎಡವಟ್ಟಾದದ್ದು ಬಡಿಸುವಾಗ. ಅವಳು ಆ ಅಳತೆಯ ಕಪ್ಪನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇಷ್ಟೇನಾ? ಇಷ್ಟು ಹಾಲು ಕುಡಿಯೋ ಪಾಪೂನೂ ತಿನ್ನತ್ತೆ. ಮನೆಗೆ ಬಂದೋರನ್ನ ಅರೆಹೊಟ್ಟೇಲಿ ಇಡೋಕಾಗತ್ತೇನ್ರೀ?"

"ಮೇಡಂ ಕಟ್ಟುನಿಟ್ಟಾಗಿ ಹೇಳಿದಾರೆ ಕಣೇ."

"ಅವರು ಸಂಕೋಚಕ್ಕೆ ಹೇಳಿರ್ತಾರೆ. ನಮ್ಮ ಮನೇಲಿ ಬಿಟ್ಟು ಹೋಗ್ವಾಗ, ನಮ್ಮ ನಾಯಿ ಜಾಸ್ತಿ ತಿನ್ನತ್ತೆ ಅಂತ ಯಾರಾದ್ರೂ ಬಾಯ್ಬಿಟ್ಟು ಹೇಳ್ತಾರಾ?"

ಊಟಕ್ಕೆ ಕೂತವರು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿಯುವವರೆಗೂ ಬಡಿಸುತ್ತಲೇ ಇರುವುದು ನಮ್ಮ ಕಡೆಯ ಉಪಚಾರ. ಬ್ರೂನೋಗೆ ಅಡ್ಡ ಹಿಡಿಯಲು ಕೈಯಿರಲಿಲ್ಲ. ಅದು ತಟ್ಟೆ ನೆಕ್ಕಿ ತಲೆಯೆತ್ತಿದಾಗಲೆಲ್ಲ, "ಪಾಪ, ಇನ್ನೊಂಚೂರು ಹಾಕಿಸ್ಕೊಳ್ಳಿ" ಎಂದು ಮೊಸರನ್ನದ ಮೇಲೆ ಮೊಸರನ್ನ ಬೀಳುತ್ತಿತ್ತು. ಸಂಜೆಗೆ ಹಾಲಿನಲ್ಲಿ ನೆನೆಸಿದ ಚಪಾತಿ ಬೇರೆ. ಈ ಉಪಚಾರ ನಾನು ನೋಡಿದ್ದು ನಮ್ಮ ಮದುವೆಯ ದಿನ ಒಮ್ಮೆ, ಅಷ್ಟೇ.

ಇನ್ನು ಪಾರ್ಕು. ಪಾರ್ಕೆಂದರೆ ಹುಲ್ಲು, ಕಲ್ಲುಬೆಂಚು, ಕಡಲೆಕಾಯಿ ಮಾರುವವನು ಎಂದುಕೊಂಡು ಹೋದೆ. ಹುಲ್ಲು ಒಂದು ಎಸಳೂ ಇರಲಿಲ್ಲ. ಯಾರೋ ಸುತ್ತ ಗೋಡೆ ಕಟ್ಟಿಸಿ, ಮನೆ ಕಟ್ಟುವುದನ್ನು ಮರೆತುಬಿಟ್ಟ ಬೋಳು ಬಯಲು. ಬೇರೆ ಬೇರೆ ದೇಶದ ನಾಯಿಪ್ರಿಯರು ಸೇರಿ ಅದಕ್ಕೆ 'ಡಾಗ್ ಪಾರ್ಕ್' ಎಂದು ನಾಮಕರಣ ಮಾಡಿದ್ದರು. ಜೂನ್ ತಿಂಗಳು, ಬೆಳಿಗ್ಗೆ ಐದಕ್ಕೇ ಇಡ್ಲಿಪಾತ್ರೆಯ ಮುಚ್ಚಳ ತೆಗೆದಂಥ ಹಬೆ.

ಕಾರಿನ ಬಾಗಿಲು ತೆಗೆದು, "ಯಲ್ಲಾ, ನಡೀರಿ ಬ್ರೂನೋ, ಇಳೀರಿ" ಎಂದೆ. ಅದು ಮೂಗನ್ನಷ್ಟೇ ಹೊರಗೆ ಚಾಚಿತು. ಹಬೆ ತಾಗಿತು. ಮೂಗನ್ನು ಒಳಗೆಳೆದುಕೊಂಡು, ಏಸಿ ಗಾಳಿ ಬರುವ ಕಡೆಗೆ ಮುಖ ಮಾಡಿ, ಮುಂದಿನ ಸೀಟಿನಲ್ಲಿ ಸುಖಾಸೀನವಾಯಿತು. ತಳ್ಳಿದೆ. ಕೈ ನೆಕ್ಕಿತು. ಆಸೆ ತೋರಿಸೋಣವೆಂದು, ಕಾಂತಾಮಣಿ ಜೇಬಿಗೆ ತುಂಬಿ ಕಳಿಸಿದ್ದ ಬಿಸ್ಕತ್ತು ತೆಗೆದು ಗಾಳಿಯಲ್ಲಿ ಆಡಿಸಿದೆ.

ಬ್ರೂನೋ ನೋಡಲಿಲ್ಲ. ಬಯಲಿನಲ್ಲಿ ಬೆಲ್ಟ್ ಬಿಚ್ಚಿಕೊಂಡು ಓಡಾಡುತ್ತಿದ್ದ ಉಳಿದ ಏಳು ನಾಯಿಗಳು ನೋಡಿದವು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಓಡಿದೆ ಎಂಬುದು ಗೊತ್ತು. ಒಬ್ಬ ಬಿಳಿಯ ದೊರೆ, ಹೆದರಬೇಡಿ, ನನ್ನದು ಬಹಳ ಸ್ನೇಹಜೀವಿ ಎಂದು ಇಂಗ್ಲಿಷಿನಲ್ಲಿ ಕೂಗಿದ. (ಆ ಪಾರ್ಕಿನಲ್ಲಿ ಎಲ್ಲ ನಾಯಿಗಳೂ ಸ್ನೇಹಜೀವಿಗಳೇ. ನಾಯಿಗಳಿಗೆ ಮಾತ್ರ ಅದನ್ನು ಯಾರೂ ತಿಳಿಸಿರುವುದಿಲ್ಲ.) ನಾಲ್ಕು ಸುತ್ತು ಮುಗಿದ ಮೇಲೆ ಜೇಬು ಹರಿಯಿತು, ಬಿಸ್ಕತ್ತು ಚೆಲ್ಲಿತು, ನಾನು ಬದುಕಿಕೊಂಡೆ. ಕಾರಿನ ಗಾಜಿಗೆ ಮೂಗೊತ್ತಿಕೊಂಡು ಬ್ರೂನೋ ಎಲ್ಲವನ್ನೂ ಆಸಕ್ತಿಯಿಂದ ನೋಡಿತು.

ಮರುದಿನ ಬಿಸ್ಕತ್ತಿಲ್ಲದೆ ಹೋದೆ. ಆ ಏಳಕ್ಕೂ ನನ್ನ ಮುಖಪರಿಚಯವಾಗಿಬಿಟ್ಟಿತ್ತು. ಮತ್ತೆ ಓಡಿದೆ. ನಾಲ್ಕನೇ ದಿನ ಆ ದೊರೆ ಗಡಿಯಾರ ಹಿಡಿದು ನನ್ನ ಸುತ್ತುಗಳ ಟೈಮು ನೋಡತೊಡಗಿದ. ಹತ್ತನೇ ದಿನ, ಹೇಳಲು ನಾಚಿಕೆ, ನನಗೇ ಓಟ ರುಚಿಸತೊಡಗಿತು. ಏಳು ನಾಯಿಗಳ ಜೊತೆ ಕೇಕೆ ಹಾಕಿಕೊಂಡು ಓಡುವ ಖುಷಿ ನಲವತ್ತೆರಡನೇ ವಯಸ್ಸಿನಲ್ಲಿ ಯಾರಿಗೆ ಸಿಗುತ್ತದೆ?

ನಮ್ಮ ಕಟ್ಟಡದ ಕೆಳಗೆ ಅಂಗಡಿ ಇಟ್ಟಿರುವ ಮೊಯ್ದಿನ್ ಕುಂಞಿ ಒಂದು ದಿನ ತರಕಾರಿ ತುಂಬಿದ ಪಿಕಪ್ಪನ್ನು ಗೇಟಿನ ಬಳಿ ನಿಲ್ಲಿಸಿ ನೋಡಿದರು.

"ಎಂತ ಗೋಪಿನಾಥಣ್ಣ, ನಾಯಿ ಏಸಿಯಲ್ಲಿ, ನೀವು ಬಿಸಿಲಲ್ಲಿ?"

"ಟ್ರೈನಿಂಗು" ಎಂದೆ, ಏದುಸಿರು ಬಿಡುತ್ತಾ.

"ಯಾರಿಗೆ?"

ತಿಂಗಳು ಮುಗಿಯಿತು. ಎಡ್ನಾ ಮೇಡಂ ವಿಮಾನ ಇಳಿದವರೇ ಸೀದಾ ನಮ್ಮ ಕಟ್ಟಡಕ್ಕೆ ಬಂದು ಕೆಳಗಿನಿಂದಲೇ ಕೂಗು ಹಾಕಿದರು. ಬ್ರೂನೋ ಬಾಲ ಅಲ್ಲಾಡಿಸುತ್ತಾ ಹೊರಟಿತು. ಪ್ರತಿ ಮಹಡಿಯಲ್ಲೂ ಕೂತು, ಸುಧಾರಿಸಿಕೊಂಡು, ಕೊನೆಗೂ ಮೊಯ್ದಿನ್ ಕುಂಞಿಯವರ ಅಂಗಡಿಯ ಮುಂದೆ ಅವತರಿಸಿತು. ಮೇಡಂ ಅದನ್ನು ದಾಟಿ ಮೆಟ್ಟಿಲ ಕಡೆಯೇ ನೋಡುತ್ತಿದ್ದರು.

"ಇದು ಯಾರ ನಾಯಿ? ನನ್ನ ಬ್ರೂನೋ ಎಲ್ಲಿ?"

ಈರುಳ್ಳಿ ಮೂಟೆ ತೂಗುವ ತಕ್ಕಡಿಯ ಮೇಲೆ ಹತ್ತಿಸಿದರು. ನಲವತ್ತೊಂದು ಕಿಲೋ! ಅಂಗಳ ಹೋಯಿತು, ಕಾಂಪೌಂಡು ಹೋಯಿತು, ಬೇವಿನ ಮರವೂ ಹೋಯಿತು. ಹಿಂದೆಯೇ ಇಳಿದು ಬಂದಿದ್ದ ಕಾಂತಾಮಣಿಯ ಮುಖ ನೋಡುವ ಧೈರ್ಯವಾಗಲಿಲ್ಲ.

"ದಿನಾ ಓಡಿಸಿದ್ದು ಹೌದಾ?" ಮೇಡಂ ಗುಡುಗಿದರು.

"ಒಂದು ದಿನವೂ ತಪ್ಪಿಲ್ಲ ಮೇಡಂ, ನಾನೇ ನೋಡಿದ್ದೇನೆ" ಎಂದರು ಮೊಯ್ದಿನ್ ಕುಂಞಿ. ನನಗೆ ಜೀವ ಬಂದ ಹಾಗಾಯಿತು. "ಇವರು ಓಡುವುದು, ನಾಯಿ ಕಾರಲ್ಲಿ ಕೂತು ನೋಡುವುದು."

ಮೇಡಂ ನಲವತ್ತೊಂದು ಕಿಲೋದ ಬ್ರೂನೋನನ್ನೂ ಹ್ಯಾಂಗರಿಗೆ ಶರಟು ತಗುಲಿಹಾಕಿದಂತಿದ್ದ ನನ್ನನ್ನೂ ಎರಡೆರಡು ಸಲ ನೋಡಿದರು. ತುಟಿ ಬಿಗಿ ಹಿಡಿದರು. ಆಗಲಿಲ್ಲ. ಈರುಳ್ಳಿ ಮೂಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನನ್ನ ಫ್ಲಾಟಿಗೆ ಲಿಫ್ಟಿಲ್ಲ ಮಾರಾಯ್ರೇ. ಇವನನ್ನು ಎತ್ತಿಕೊಂಡು ಹತ್ತಲಿಕ್ಕೆ ನನ್ನಿಂದ ಆಗ್ತದಾ? ಕೇಳಿ ಇಲ್ಲಿ. ನೀವು ಆ ವಿಲ್ಲಾಕ್ಕೆ ಹೋಗಿ, ಇವನನ್ನೂ ಕರ್ಕೊಂಡು ಹೋಗಿ. ದಿನಾ ಇವನ ಒಟ್ಟಿಗೆ ಓಡ್ಬೇಕು. ಶುಕ್ರವಾರ ನಾನು ಬಂದು ತೂಕ ನೋಡ್ತೇನೆ. ಮೂವತ್ತಕ್ಕೆ ಬಂದ ದಿನ ನಾಯಿಯೂ ವಾಪಸ್, ವಿಲ್ಲಾದ ಬೀಗದಕೈಯೂ ವಾಪಸ್. ಖಲಾಸ್!"

ವಿಲ್ಲಾಕ್ಕೆ ಬಂದೆವು. ಕಾಂತಾಮಣಿ ಮೊದಲ ದಿನ ಚಪ್ಪಲಿ ಬಿಟ್ಟು ಅಂಗಳದ ಉದ್ದಕ್ಕೂ ನಡೆದಳು, ಹುಡುಗಿಯ ಹಾಗೆ. ನಾನು ನಿಯತ್ತಿನ ಮನುಷ್ಯ. ಬ್ರೂನೋನ ಬೆಲ್ಟಿಗೆ ಹಗ್ಗ ಕಟ್ಟಿ, ಕಾರಿನಿಂದ ಎಳೆದಿಳಿಸಿ, ದಿನಾ ಅದರ ಜೊತೆ ಬಯಲು ಸುತ್ತಿದೆ. ಈ ಸಲ ನಿಜವಾಗಿಯೂ ಓಡಿತು. ಒಂದು ತಿಂಗಳಲ್ಲಿ ನಾನು ಮತ್ತೆ ನಾಲ್ಕು ಕಿಲೋ ಇಳಿದೆ. ಬ್ರೂನೋ ಅರ್ಧ ಕಿಲೋ ಏರಿತು.

ಇದೆಂಥ ಮಾಯೆಯೆಂದು ಮೊನ್ನೆ ಸದ್ದಿಲ್ಲದೆ ಅಡುಗೆಮನೆಗೆ ಹೋದೆ. ಕಾಂತಾಮಣಿ ಬ್ರೂನೋನ ತಟ್ಟೆಗೆ ಬಿಸಿ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿಯುತ್ತಿದ್ದಳು.

"ಏನೇ ಇದು! ಅಲ್ಲಿ ನಾನು ಬೆವರು ಸುರಿಸಿ ಇಳಿಸ್ತಿದೀನಿ!"

"ಮೆತ್ತಗೆ ಮಾತಾಡಿ. ಅವರು ಮೂವತ್ತು ಕಿಲೋ ಆದ್ರೆ ನಾವು ಮನೆ ಖಾಲಿ ಮಾಡ್ಬೇಕು."

"ಹಾಗಾದ್ರೆ ನಾನ್ಯಾಕೆ ಓಡಬೇಕು?"

"ಯಾರಾದ್ರೂ ಇಳೀಬೇಕಲ್ರೀ! ನೀವು ಹಂಚಿಕಡ್ಡಿ ಥರ ಆಗಿರೋದು ನೋಡಿ ತಾನೇ, ಪಾಪ ಓಡಿಸ್ತಿದಾರೆ ಅಂತ ಮೇಡಂ ಸುಮ್ಮನಿರೋದು?"

ಬಾಯಲ್ಲಿ ನೀರೂರಿತು. ನಾನೊಂದು ತಟ್ಟೆ ತೆಗೆದುಕೊಂಡು ಬ್ರೂನೋ ಪಕ್ಕ ಕೂತೆ. ಅವಳು ತಟ್ಟೆಯನ್ನು ಕಿತ್ತುಕೊಂಡು ಒಂದು ಲೋಟ ನೀರುಮಜ್ಜಿಗೆ ಕೈಗಿತ್ತಳು.

"ನೀವು ಇನ್ನೊಂದು ಎರಡು ಕಿಲೋ ಇಳೀರಿ. ನಾಳೆ ಶುಕ್ರವಾರ."